ಕೂಡಲು ಒಂದು ಜಾಗ, ತಿಂಗಳಿಗೆ ಒಂದು ದಿನ

2019ರ ಜೂನ್‌ನಲ್ಲಿ ಪುಣೆಯಲ್ಲಿದ್ದವರಿಗೆ ಆ ಗದ್ದಲ ನೆನಪಿರಬಹುದು. ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ ಸಂಖ್ಯೆಗಳನ್ನು ಓದುವ ಹೊಸ ರೀತಿಯೊಂದು ಬಂದಿತ್ತು. 21ನ್ನು ‘ಏಕವೀಸ’ ಎನ್ನುವುದರ ಜೊತೆಗೆ ‘ವೀಸ ಏಕ’ ಎಂದೂ, 53ನ್ನು ‘ತ್ರೇಪನ್ನ’ ಎನ್ನುವುದರ ಜೊತೆಗೆ ‘ಪನ್ನಾಸ ತೀನ’ ಎಂದೂ ಓದಬಹುದು ಎಂದು ಅದರಲ್ಲಿತ್ತು. ಮರಾಠಿ ಕೆಟ್ಟುಹೋಯಿತು ಎಂದು ಕೆಲವರು, ಮಕ್ಕಳಿಗೆ ಸಲೀಸಾಯಿತು ಎಂದು ಕೆಲವರು. ಮಾತು ವಿಧಾನಸಭೆಯವರೆಗೂ ಹೋಯಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಒಂದು ವಾರ ಅದೇ ಚರ್ಚೆ. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರಳೀಕರ್ ತಾಳ್ಮೆಯಿಂದ ವಿವರಣೆ ಕೊಟ್ಟರು. ಮರಾಠಿಯಲ್ಲಿ ಬಾಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಬರೆಯುವಾಗ ಹತ್ತು ಮೊದಲು. ಜೊತೆಗೆ ನಾಲಿಗೆ ತೊಡರುವ ಒತ್ತಕ್ಷರಗಳು. ಹಿಂದುಳಿಯುವ ಮಗು ಅಲ್ಲೇ ಹಿಂದುಳಿಯುತ್ತದೆ. ದಕ್ಷಿಣದ ಭಾಷೆಗಳಲ್ಲಿ ಹತ್ತೇ ಮೊದಲು ಬರುತ್ತದೆ ಎಂಬ ಮಾತೂ ಆ ಚರ್ಚೆಯಲ್ಲಿ ಬಂತು.

ಅದೇ ವಾರ ಅಕ್ಕ ಫೋನ್ ಮಾಡಿದಳು. ಅಕ್ಕ ಎಂದರೆ ನಮ್ಮ ದೊಡ್ಡವ್ವನ ಮಗಳು. ದೊಡ್ಡವ್ವನನ್ನು ಕೊಟ್ಟದ್ದು ಗಡಿಯಾಚೆ ಮಹಾರಾಷ್ಟ್ರದ ಒಂದು ಹಳ್ಳಿಗೆ. ಗಡಿ ನಕ್ಷೆಯಲ್ಲಿದೆಯೇ ಹೊರತು ಬೀಗತನಕ್ಕೆ, ಜಾತ್ರೆಗೆ, ಎತ್ತಿನ ಸಂತೆಗೆ ಅದು ಎಂದೂ ಅಡ್ಡ ಬಂದದ್ದಿಲ್ಲ. ಅಕ್ಕ ಅಲ್ಲಿಯದೇ ಕನ್ನಡ ಶಾಲೆಯಲ್ಲಿ ಕಲಿತು, ಈಗ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಳೆ.

“ಇವತ್ತ ಕೇಂದ್ರದ ಮೀಟಿಂಗ್‌ನ್ಯಾಗ ಎರಡ ತಾಸ ವೀಸ ಏಕ, ತೀಸ ದೋನ ಹೇಳಿಕೊಟ್ರು” ಎಂದಳು. “ನಮ್ಮ ಹುಡುಗ್ರಿಗೆ ಆ ತ್ರಾಸ ಇಲ್ಲೇ ಇಲ್ಲಲ್ಲೋ ತಮ್ಮಾ. ಇಪ್ಪತ್ತೊಂದು ಅಂದ್ರ ಇಪ್ಪತ್ತರ ಮ್ಯಾಲ ಒಂದು, ಕೇಳಿದಂಗ ಬರೀತಾವ. ಅವ್ರ ಬ್ಯಾನಿಗೆ ನಾವು ಗುಳಿಗಿ ನುಂಗಿ ಬಂದ್ವಿ.”

ಹಾಗಾದರೆ ನಿನ್ನ ಮಕ್ಕಳ ತ್ರಾಸು ಏನು ಎಂದು ಕೇಳಿದೆ. ಅವಳು ತಡವರಿಸಲಿಲ್ಲ. ಎಪ್ಪತ್ತು–ಎಂಬತ್ತು ಅದಲು ಬದಲಾಗುತ್ತವೆ. ತೊಂಬತ್ತು ಎಂದರೆ ಕೆಲವು ಮಕ್ಕಳು ಒಂಬತ್ತು ಎಂದು ಬರೆಯುತ್ತವೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಲೆಕ್ಕ. ಪಂಚವೀಸ ರೂಪಾಯಿಗೆ ಎಣ್ಣೆ ತಂದ ಹುಡುಗನಿಗೆ ಶಾಲೆಯಲ್ಲಿ ಇಪ್ಪತ್ತೈದು ಬೇರೆಯೇ ಸಂಖ್ಯೆ ಅನ್ನಿಸುತ್ತದೆ. “ಇದನ್ನ ಯಾರ ಮುಂದ ಹೇಳಲಿ? ಆ ಹಾಲ್‌ನ್ಯಾಗ ಕನ್ನಡ ಸಾಲಿಯವ್ರು ನಾವು ಮೂರ ಮಂದಿ.”

ಆ ಮೂರು ಮಂದಿಯ ಬಗ್ಗೆಯೇ ಈ ಬರಹ.

ಪುಣೆಯ ಕನ್ನಡಿಗರಲ್ಲಿ ಎಷ್ಟು ಜನರಿಗೆ ಗೊತ್ತೋ ತಿಳಿಯದು, ಸೇನಾಪತಿ ಬಾಪಟ್ ರಸ್ತೆಯಲ್ಲಿ ನಾವು ದಿನವೂ ದಾಟಿಹೋಗುವ ಬಾಲಭಾರತಿ ಕಟ್ಟಡದಲ್ಲಿ ಕನ್ನಡ ಪಠ್ಯಪುಸ್ತಕಗಳೂ ಸಿದ್ಧವಾಗುತ್ತವೆ. 1967ರ ಜನವರಿ 27ರಂದು ಸ್ಥಾಪನೆಯಾದ ಮಹಾರಾಷ್ಟ್ರದ ಈ ಪಠ್ಯಪುಸ್ತಕ ಸಂಸ್ಥೆ ಮರಾಠಿಯ ಜೊತೆಗೆ ಉರ್ದು, ಗುಜರಾತಿ, ಸಿಂಧಿ, ತೆಲುಗು, ಕನ್ನಡ ಮೊದಲಾದ ಭಾಷೆಗಳಲ್ಲೂ ಪುಸ್ತಕ ಮಾಡುತ್ತ ಬಂದಿದೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಮಕ್ಕಳ ಚೀಲದಲ್ಲಿರುವುದು ಬೆಂಗಳೂರಿನ ಪುಸ್ತಕವಲ್ಲ, ಪುಣೆಯದು. ಇದೊಂದು ಸಣ್ಣ ಸಂಗತಿಯಲ್ಲ. ಒಂದು ರಾಜ್ಯ ತನ್ನ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗಾಗಿ ಐದು ದಶಕಗಳಿಂದ ಪುಸ್ತಕ ಅಚ್ಚು ಹಾಕುತ್ತಿದೆ ಎಂದರೆ ಅದಕ್ಕೆ ಕೃತಜ್ಞತೆ ಸಲ್ಲಬೇಕು. ಕನ್ನಡ ಭಾಷಾ ಪುಸ್ತಕವನ್ನು ಕನ್ನಡ ಬಲ್ಲವರ ಸಮಿತಿಯೇ ರೂಪಿಸುತ್ತದೆ. ಗಣಿತ, ವಿಜ್ಞಾನ, ಪರಿಸರದಂಥ ವಿಷಯಗಳು ಬಹುಮಟ್ಟಿಗೆ ಅನುವಾದವಾಗಿ ಬರುತ್ತವೆ.

ಪುಸ್ತಕ ಬಂತು. ಅದನ್ನು ಮಗುವಿನ ತಲೆಗೆ ತಲುಪಿಸುವ ಕೆಲಸ ಎಲ್ಲಿ ನಡೆಯಬೇಕು? ಶಿಕ್ಷಕರು ಒಟ್ಟಿಗೆ ಕೂತು, ಈ ಪಾಠ ನಮ್ಮೂರಲ್ಲಿ ಹೇಗೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಚಿಸುವ ಜಾಗ ಯಾವುದು?

ಕಾಗದದ ಮೇಲೆ ಅಂಥ ಜಾಗ ಇದೆ. ನೆರೆಹೊರೆಯ ಶಾಲೆಗಳು ಒಂದು ಗುಂಪಾಗಿ ಕೆಲಸ ಮಾಡಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1986ರ ಶಿಕ್ಷಣ ನೀತಿಯಿಂದ ಜಿಲ್ಲೆಗೊಂದು ಡಯಟ್ ಬಂತು. 1994ರಲ್ಲಿ ಡಿಪಿಇಪಿ ಶುರುವಾದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳು ಸೇರಿದ್ದವು. ಬ್ಲಾಕ್ ಮಟ್ಟದ ಬಿಆರ್‌ಸಿ, ಹತ್ತಾರು ಶಾಲೆಗಳಿಗೊಂದು ಸಮೂಹ ಸಂಪನ್ಮೂಲ ಕೇಂದ್ರ ಎಂಬ ಏರ್ಪಾಡು ಬಲವಾಗಿ ಬೇರೂರಿದ್ದು ಆಗಲೇ. 2001ರ ಸರ್ವ ಶಿಕ್ಷಣ ಅಭಿಯಾನ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಮಹಾರಾಷ್ಟ್ರವೂ 1994ರಲ್ಲೇ ಕೇಂದ್ರ ಶಾಲೆ, ಕೇಂದ್ರ ಪ್ರಮುಖ ಎಂಬ ವ್ಯವಸ್ಥೆ ತಂದಿತು; ಆಗ ಮಂಜೂರಾದ ಕೇಂದ್ರ ಪ್ರಮುಖ ಹುದ್ದೆಗಳು 4,860. ತಿಂಗಳಿಗೊಮ್ಮೆ ಕೇಂದ್ರದ ಶಿಕ್ಷಕರೆಲ್ಲ ಸೇರುವ ಸಭೆಗೆ ಇಲ್ಲಿ ‘ಶಿಕ್ಷಣ ಪರಿಷದ’ ಎನ್ನುತ್ತಾರೆ. ನಮ್ಮ ಕಡೆ ಅದನ್ನೇ ಸಮಾಲೋಚನಾ ಸಭೆ ಎನ್ನುವುದು.

ಹೆಸರು ಎರಡೂ ಚೆನ್ನಾಗಿವೆ. ಆದರೆ ಎರಡೂ ರಾಜ್ಯಗಳ ಯಾವ ಶಿಕ್ಷಕರನ್ನು ಕೇಳಿದರೂ ಆ ದಿನದ ಹೆಚ್ಚಿನ ಹೊತ್ತು ಹೋಗುವುದು ಸುತ್ತೋಲೆ ಓದುವುದಕ್ಕೆ, ಮಾಹಿತಿ ತುಂಬುವುದಕ್ಕೆ. ಅಲ್ಲಿ ‘ಸರಲ್’, ಇಲ್ಲಿ ಎಸ್‌ಎಟಿಎಸ್. ಯುಡೈಸ್ ಎರಡೂ ಕಡೆ. ಆಧಾರ್ ಜೋಡಣೆ ಎಷ್ಟಾಯಿತು, ಊಟದ ಲೆಕ್ಕ ಬಂತೇ, ಮೊಟ್ಟೆಯ ಲೆಕ್ಕ ಬಂತೇ. ಸಿಆರ್‌ಪಿ ಎಂದರೆ ಮೂಲತಃ ಒಬ್ಬ ಒಳ್ಳೆಯ ಶಿಕ್ಷಕ, ಬೇರೆ ಶಿಕ್ಷಕರಿಗೆ ನೆರವಾಗಲಿ ಎಂದು ತರಗತಿಯಿಂದ ಎಬ್ಬಿಸಿ ಕಳಿಸಿದವನು. ಅವನು ಈಗ ಮೇಲಿನ ಕಚೇರಿಗೂ ಕೆಳಗಿನ ಶಾಲೆಗೂ ನಡುವೆ ಓಡಾಡುವ ಅಂಚೆಯಣ್ಣ ಆಗಿದ್ದಾನೆ. ಮಹಾರಾಷ್ಟ್ರದಲ್ಲಿ ಕೇಂದ್ರ ಪ್ರಮುಖರ ಎಷ್ಟೋ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿದದ್ದೂ ಉಂಟು. ಆಗ ಒಬ್ಬರೇ ಎರಡು ಮೂರು ಕೇಂದ್ರ ನೋಡಿಕೊಳ್ಳುತ್ತಾರೆ, ಎಂದರೆ ಯಾವುದನ್ನೂ ನೋಡುವುದಿಲ್ಲ.

ನನ್ನ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಾನು ಬರೆದ ಕೋಡನ್ನು ಇನ್ನೊಬ್ಬರು ಓದದೆ ಅದು ಮುಂದೆ ಹೋಗುವುದಿಲ್ಲ. ಹನ್ನೆರಡು ವರ್ಷ ಕೆಲಸ ಮಾಡಿದವನದ್ದನ್ನೂ ನಿನ್ನೆ ಸೇರಿದ ಹುಡುಗಿ ಓದಿ ‘ಇಲ್ಲಿ ತಪ್ಪಿದೆ’ ಎನ್ನಬಹುದು. ಮೊದಮೊದಲು ಮುಖ ಕೆಂಪಾಗುತ್ತದೆ, ಆಮೇಲೆ ಅದಿಲ್ಲದೆ ಕೆಲಸವೇ ಆಗದು. ಶಿಕ್ಷಕರ ಬದುಕು ಬೇರೆ. ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗುವವರ ಪಾಠವನ್ನು ಇನ್ನೊಬ್ಬ ಶಿಕ್ಷಕ ಒಮ್ಮೆಯೂ ಕೂತು ನೋಡಿರುವುದಿಲ್ಲ. ನೋಡಿದರೆ ತಪಾಸಣೆಗೆ ಬಂದ ಅಧಿಕಾರಿ ನೋಡಿರುತ್ತಾರೆ, ಅದೂ ಹಾಜರಿ ಪುಸ್ತಕದ ಜೊತೆಗೆ.

ಶಿಕ್ಷಕರಿಗೆ ಕೂಡಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಹೇಗೆ ನಡೆಸುತ್ತಾರೆ ಎಂದು ನೋಡಿಬಂದರು. ನೋಡಿದ್ದನ್ನು ಹಾಗೆಯೇ ತರಲಿಲ್ಲ. ಕೂತು ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ಬರೆದರು, ಚಿತ್ರ ಆರಿಸಿದರು, ಅಕ್ಷರಗಳ ಕ್ರಮವನ್ನೇ ಬದಲಿಸಿದರು. ಅ, ಆ, ಇ, ಈ ಎಂದು ಶುರು ಮಾಡದೆ ಬರೆಯಲು ಸುಲಭವಾದ ಅಕ್ಷರಗಳಿಂದ ಶುರು ಮಾಡಿದರು. ಅದೇ ‘ನಲಿ ಕಲಿ’. ಯೂನಿಸೆಫ್ ಬೆನ್ನಿಗಿತ್ತು ನಿಜ, ಆದರೆ ತಿರುಳು ತಯಾರಾದದ್ದು ಒಂದು ತಾಲ್ಲೂಕಿನ ಶಿಕ್ಷಕರ ಕೈಯಲ್ಲಿ. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಕಾರ್ಡುಗಳು ಅಚ್ಚಾಗಿ ಬಂಡಲ್ ಬಂಡಲ್ ಬಂದವು. ಕೋಟೆಯ ಶಿಕ್ಷಕರು ಮಾಡಿದ್ದನ್ನು ಉಳಿದ ಶಿಕ್ಷಕರು ತೆಗೆದುಕೊಂಡರು. ಎಷ್ಟೋ ಕಡೆ ಅದು ಸರಿಯಾಗಿ ನಡೆಯದೇ ಹೋದದ್ದಕ್ಕೆ ಕಾರ್ಡು ಕಾರಣವಲ್ಲ ಎಂದು ನನ್ನ ಅನಿಸಿಕೆ. ಕೋಟೆಯಲ್ಲಿ ನಡೆದ ಆ ಕೂಡುವಿಕೆಯನ್ನು ಯಾರೂ ಅಚ್ಚು ಹಾಕಿ ಕಳಿಸಲು ಆಗಲಿಲ್ಲ.

ಇಂಗ್ಲೆಂಡಿನದ್ದೂ ಸುಮಾರು ಇದೇ ಕತೆ. 1964ರಲ್ಲಿ ನಫೀಲ್ಡ್ ಗಣಿತ ಯೋಜನೆ ಶುರುವಾದಾಗ ಹೊಸ ಗಣಿತವನ್ನು ಚರ್ಚಿಸಲು ಊರೂರಲ್ಲಿ ಶಿಕ್ಷಕರ ಕೇಂದ್ರಗಳು ಹುಟ್ಟಿಕೊಂಡವು. ಸಂಜೆ ಚಹಾ ಕುಡಿಯುತ್ತ ಪಾಠ ಸಿದ್ಧಪಡಿಸುವ ಕೋಣೆಗಳು. 1988ರ ಶಿಕ್ಷಣ ಕಾಯ್ದೆ ದೇಶಕ್ಕೊಂದೇ ಪಠ್ಯಕ್ರಮ ತಂದಿತು. ಪಾಠ ಮೇಲಿನಿಂದಲೇ ಬರುವಾಗ ಕೆಳಗೆ ಕೂತು ಯೋಚಿಸುವ ಕೋಣೆಗೆ ದುಡ್ಡು ಯಾಕೆ? ಬಹುತೇಕ ಮುಚ್ಚಿದವು. ಇತ್ತ ನಮ್ಮ ಯಾದಗಿರಿಯ ಸುರಪುರ ಭಾಗದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡೆಸುವ ಶಿಕ್ಷಕರ ಕಲಿಕಾ ಕೇಂದ್ರಗಳಿಗೆ ಶಿಕ್ಷಕರು ಶಾಲೆ ಬಿಟ್ಟ ಮೇಲೆ ತಾವಾಗಿ ಬರುತ್ತಾರೆ. ಆದೇಶವಿಲ್ಲ, ಸಹಿ ಇಲ್ಲ. ಶಿಕ್ಷಕರಿಗೆ ಕಲಿಯುವ ಆಸಕ್ತಿಯೇ ಇಲ್ಲ ಎಂದು ಪುಣೆಯ ಪಾರ್ಟಿಗಳಲ್ಲಿ ಕೂತು ಹೇಳುವ ನಮ್ಮ ಮಂದಿ ಒಮ್ಮೆ ಅಲ್ಲಿಗೆ ಹೋಗಿಬರಲಿ.

ಹೀಗೆ ಹೇಳುವ ನಾನೂ ಮೊದಲು ಮಾಡಿದ್ದು ತಪ್ಪನ್ನೇ. ಅಕ್ಕನ ಮಾತು ಕೇಳಿದ ಮೇಲೆ, ಹಿಂಜವಡಿಯಲ್ಲಿ ಕೆಲಸ ಮಾಡುವ ಐದು ಜನ ಕನ್ನಡಿಗರು ಸೇರಿ ಒಂದು ಆ್ಯಪ್ ಮಾಡಿದೆವು. ಮಹಾರಾಷ್ಟ್ರದ ಕನ್ನಡ ಶಿಕ್ಷಕರು ಪಾಠದ ಟಿಪ್ಪಣಿ ಹಂಚಿಕೊಳ್ಳಬಹುದು, ಪ್ರಶ್ನೆ ಕೇಳಬಹುದು, ಫೋಟೊ ಹಾಕಬಹುದು. ಆರು ತಿಂಗಳ ಶನಿವಾರ–ಭಾನುವಾರ ಅದಕ್ಕೇ ಹೋದವು. ಬಣ್ಣ, ಲೋಗೊ ಎಲ್ಲ ಚೆಂದ. ಬಳಸಿದವರು ಹನ್ನೊಂದು ಜನ, ಅದರಲ್ಲಿ ಐದು ಜನ ನಾವೇ. ಬೇಸರದಿಂದ ಅಕ್ಕನನ್ನು ಕೇಳಿದರೆ ಅವಳು ನಕ್ಕಳು. “ದಿನಾ ನಾಕ ಆ್ಯಪ್‌ನ್ಯಾಗ ಮಾಹಿತಿ ತುಂಬತೀವಿ. ನೀ ಐದನೇದ್ದ ತಂದಿ. ನಮಗ ಆ್ಯಪ್ ಬ್ಯಾಡೋ. ಕೂಡಾಕ ಒಂದ ಜಾಗಾ ಬೇಕು, ತಿಂಗಳಿಗೆ ಒಂದ ದಿನಾ ಬೇಕು. ಅದನ್ನ ಕೊಡಿಸಾಕ ಆಗ್ತದೇನು ನೋಡು.”

ಕೊಡಿಸುವ ಅಧಿಕಾರ ನಮಗಿಲ್ಲ. ಆದರೂ ಒಂದು ಭಾನುವಾರ ಅವಳ ಮನೆಯ ಪಡಸಾಲೆಯಲ್ಲಿ ಐದು ಶಾಲೆಗಳ ಏಳು ಶಿಕ್ಷಕರು ಕೂಡಿದರು. ನಾನು ಮತ್ತು ಒಬ್ಬ ಗೆಳೆಯ ಬರೆದುಕೊಳ್ಳಲು ಕೂತೆವು. ಅಂದಿನ ವಿಷಯ ಭಿನ್ನರಾಶಿ. ಮಕ್ಕಳಿಗೆ ಅದು ಯಾಕೆ ಹತ್ತುವುದಿಲ್ಲ ಎಂದು ಮಾತು ಶುರುವಾಯಿತು. ರೊಟ್ಟಿ ಹರಿದು ಅರ್ಧ, ಕಾಲು ಎಂದು ತೋರಿಸುವುದನ್ನು ಎಲ್ಲರೂ ಮಾಡುತ್ತಾರೆ. ಒಂದೂವರೆ, ಎರಡೂವರೆಗೆ ಬಂದರೆ ಮಕ್ಕಳು ಕೈಚೆಲ್ಲುತ್ತಾರೆ.

ಹಿರಿಯ ಮಾಸ್ತರರೊಬ್ಬರು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಅಂದರು: ಕೈಚೆಲ್ಲುವುದು ಸಾಲಿಯೊಳಗ, ಸಂತಿಯೊಳಗ ಅಲ್ಲ. ದೀಡ ಕಿಲೋ, ಅಡೀಚ ಕಿಲೋ, ಸವ್ವಾ ರೂಪಾಯಿ ಎಂದರೆ ಆ ಮಕ್ಕಳಿಗೆ ಎಲ್ಲ ತಿಳಿಯುತ್ತದೆ. ದೀಡ ನೂರು ಎಂದರೆ 150, ಅಡೀಚ ನೂರು ಎಂದರೆ 250, ದೀಡ ಸಾವಿರ ಎಂದರೆ 1,500. ಮೂರನೇ ತರಗತಿಯ ಹುಡುಗ ಎರಡೂವರೆಯನ್ನು ನೂರರಿಂದ ಗುಣಿಸುತ್ತಿದ್ದಾನೆ, ಅದು ಗುಣಾಕಾರ ಎಂದು ಅವನಿಗೂ ಗೊತ್ತಿಲ್ಲ, ನಮಗೂ ಹೊಳೆದಿಲ್ಲ!

ಪಡಸಾಲೆಯಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಹಾಗಾದರೆ ಪಾಠವನ್ನು ರೊಟ್ಟಿಯಿಂದ ಶುರು ಮಾಡುವುದೇ ಬೇಡ, ದೀಡದಿಂದ ಶುರು ಮಾಡೋಣ. ಇಲ್ಲ, ಎಲ್ಲ ಮನೆಗಳಲ್ಲೂ ಈಗ ದೀಡ–ಅಡೀಚ ಅನ್ನುವುದಿಲ್ಲ, ಮೊದಲು ಮಕ್ಕಳನ್ನೇ ಕೇಳಿ ನೋಡೋಣ. ಸಂತೆಯ ಚೀಟಿ ಬರೆಸೋಣ. ತಕ್ಕಡಿ ತರಿಸೋಣ. ನಂತರ ಬಂದದ್ದು ಪದಗಳ ಪ್ರಶ್ನೆ. ಮರಾಠಿಯಲ್ಲಿ ಅಪೂರ್ಣಾಂಕ, ಕರ್ನಾಟಕದಲ್ಲಿ ಭಿನ್ನರಾಶಿ. ಮರಾಠಿಯಲ್ಲಿ ಪರಿಮಿತಿ, ಕರ್ನಾಟಕದಲ್ಲಿ ಸುತ್ತಳತೆ. ಅಲ್ಲಿ ಕ್ಷೇತ್ರಫಳ, ಇಲ್ಲಿ ವಿಸ್ತೀರ್ಣ. ಕೇಂದ್ರದ ತರಬೇತಿಯಲ್ಲಿ ಶಿಕ್ಷಕಿ ಒಂದು ಪದ ಕೇಳುತ್ತಾಳೆ, ಕರ್ನಾಟಕದ ಕನ್ನಡ ವಿಡಿಯೊ ಹಚ್ಚಿದರೆ ಇನ್ನೊಂದು ಪದ. ಮಗುವಿಗೆ ಎರಡೂ ಬೇಕು, ಯಾಕೆಂದರೆ ಮುಂದೆ ಅದು ಯಾವ ಕಡೆಗೆ ಓದಲು ಹೋಗುತ್ತದೋ ಯಾರಿಗೂ ಗೊತ್ತಿಲ್ಲ.

ನಾವು ಪುಣೆಯವರು ಅಂದು ಮಾಡಿದ ಕೆಲಸ ಇಷ್ಟೇ: ಒಂದು ಎಕ್ಸೆಲ್ ಹಾಳೆಯಲ್ಲಿ ಆ ಪದಗಳನ್ನು ಅಕ್ಕಪಕ್ಕ ಬರೆದೆವು, ಆಮೇಲೆ ಬಾಲಭಾರತಿಯ ಯಾವ ಪಾಠಕ್ಕೆ ಕರ್ನಾಟಕದ ಯಾವ ಸಾಮಗ್ರಿ ಹೊಂದುತ್ತದೆ ಎಂದು ಹುಡುಕಿ ಸೇರಿಸಿದೆವು. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಲ್ಲಿ ಶಿಕ್ಷಕರೇ ಬರೆದ ಒಳ್ಳೆಯ ಕನ್ನಡ ಸಾಮಗ್ರಿ ಸಾಕಷ್ಟಿದೆ. ಆದರೆ ಅದು ಕರ್ನಾಟಕದ ಪಠ್ಯದ ಕ್ರಮದಲ್ಲಿದೆ. ಅಲ್ಲಿ ಐದನೇ ತರಗತಿಗೆ ಬಂದದ್ದು ಇಲ್ಲಿ ನಾಲ್ಕಕ್ಕೋ ಆರಕ್ಕೋ ಇರುತ್ತದೆ. ಆ ಹಾಳೆಯನ್ನು ಈಗ ಶಿಕ್ಷಕರು ತಾವೇ ತಿದ್ದುತ್ತಾರೆ. ನಮ್ಮ ಆ್ಯಪ್‌ಗಿಂತ ಇದಕ್ಕೆ ಬೆಲೆ ಹೆಚ್ಚು.

ಆದರೆ ಆ ಭಾನುವಾರದ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲವಾದರೆ ಇದು ನಮ್ಮ ಸಾಹಸದ ಕತೆಯಾಗುತ್ತದೆ. ಬಂದ ಏಳು ಜನರಲ್ಲಿ ನಾಲ್ವರು ಹೆಂಗಸರು. ಹತ್ತು ಗಂಟೆಗೆ ಎಂದು ಹೇಳಿದ್ದರೂ ಅವರು ಬಂದದ್ದು ಹನ್ನೆರಡಕ್ಕೆ, ಮನೆಯ ಅಡುಗೆ ಬಟ್ಟೆ ಮುಗಿಸಿ. ಇಬ್ಬರ ಜೊತೆ ಮಕ್ಕಳಿದ್ದವು. ಮೂರೂವರೆಗೆ ಎದ್ದರು, ಬಸ್ಸು ತಪ್ಪಿದರೆ ಮತ್ತೆ ಸಂಜೆಗೇ. ಎರಡನೇ ಸಲ ಐದು ಜನ ಬಂದರು, ಮೂರನೇ ಸಲ ನಾಲ್ಕು. ಆಸಕ್ತಿ ಇಳಿದದ್ದಲ್ಲ. ಇರುವ ಒಂದೇ ರಜಾದಿನವನ್ನು ತಿಂಗಳು ತಿಂಗಳೂ ಕೆಲಸಕ್ಕೆ ಕೊಡಿ ಎಂದು ನಾನಾದರೂ ಒಪ್ಪುತ್ತೇನೆಯೇ? ನಮ್ಮಲ್ಲಿ ತರಬೇತಿ ಎಂದರೆ ಕೆಲಸದ ದಿನವೇ, ಸಂಬಳ ಸಮೇತ, ಊಟ ಸಮೇತ.

ಹಾಗಾಗಿ ಇದು ಸ್ವಯಂಸೇವೆಯಿಂದ ನಡೆಯುವ ಕೆಲಸವಲ್ಲ. ಇರುವ ಏರ್ಪಾಡಿನಲ್ಲೇ ಜಾಗ ಮಾಡಿಕೊಡಬೇಕು. ಕೇಂದ್ರಗಳನ್ನು ಈಗ ಭೂಗೋಳದ ಪ್ರಕಾರ ಮಾಡಿದ್ದಾರೆ: ಅಕ್ಕಪಕ್ಕದ ಹತ್ತು ಹನ್ನೆರಡು ಶಾಲೆಗಳಿಗೆ ಒಂದು. ಮರಾಠಿ ಶಾಲೆಗಳಿಗೆ ಅದು ಸರಿ. ಚದುರಿ ಬಿದ್ದಿರುವ ಕನ್ನಡ ಶಾಲೆಗಳಿಗೆ ಸಾಲದು. ವರ್ಷದ ಹತ್ತು ಹನ್ನೆರಡು ಶಿಕ್ಷಣ ಪರಿಷದಗಳಲ್ಲಿ ನಾಲ್ಕನ್ನಾದರೂ ಕನ್ನಡ ಮಾಧ್ಯಮದ ಶಿಕ್ಷಕರಿಗೆ ತಾಲ್ಲೂಕು ಮಟ್ಟದಲ್ಲಿ, ಕನ್ನಡದಲ್ಲಿ ನಡೆಸಲಿ. ಗಟ ಸಾಧನ ಕೇಂದ್ರದಲ್ಲಿ ಕೋಣೆಗಳಿವೆ. ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಬೇಕಾದದ್ದು ಒಂದು ಆದೇಶ: ಆ ದಿನ ಕರ್ತವ್ಯದ ದಿನ ಎಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಬೆಳವಣಿಗೆ ಎಂದು ಹೇಳಿದೆ. ಈ ನಾಲ್ಕು ದಿನ ಅದರಲ್ಲೇ ಸೇರಲಿ.

ಮಹಾರಾಷ್ಟ್ರಕ್ಕೆ ಇದು ಹೊಸ ಯೋಚನೆಯೇನೂ ಅಲ್ಲ. ಮೂರನೇ ತರಗತಿಯ ಪರಿಸರ ಅಭ್ಯಾಸ ಪುಸ್ತಕವನ್ನು ಬಾಲಭಾರತಿ ಜಿಲ್ಲೆಗೊಂದರಂತೆ ಬೇರೆ ಬೇರೆಯಾಗಿ ತಂದಿತ್ತು. ಸೋಲಾಪುರದ ಮಗು ಸೋಲಾಪುರವನ್ನೂ ಸಾಂಗ್ಲಿಯ ಮಗು ಸಾಂಗ್ಲಿಯನ್ನೂ ಓದಲಿ ಎಂಬುದು ಎಷ್ಟು ಒಳ್ಳೆಯ ಕಲ್ಪನೆ! ಅದನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸುವ ಕೆಲಸವನ್ನು ಕನ್ನಡ ಶಿಕ್ಷಕರ ಈ ಕೂಟಗಳು ಮಾಡಬಹುದು. ಜತ್ತದ ಮಕ್ಕಳಿಗೆ ನೀರಿನ ಪಾಠ ಎಂದರೆ ಮ್ಹೈಸಾಳ ಏತ ನೀರಾವರಿಯ ನೀರು ಯಾವ ಊರಿಗೆ ಬಂತು, ಯಾವ ಊರಿಗೆ ಬರಲಿಲ್ಲ ಎಂಬುದು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಎಲ್ಲೆಲ್ಲಿಂದ ಎಷ್ಟು ದೂರ ನಡೆದು ಬರುತ್ತಾರೆ ಎಂಬುದರಲ್ಲಿ ನಕ್ಷೆಯಿದೆ, ಅಳತೆಯಿದೆ. ಸೋಲಾಪುರದ ಮಕ್ಕಳಿಗೆ ಕೆರೆಯ ಪಾಠವೂ ವಚನದ ಪಾಠವೂ ಸಿದ್ಧರಾಮನಲ್ಲೇ ಕೂಡುತ್ತವೆ. ಇದನ್ನು ಪುಣೆಯಲ್ಲಿ ಕೂತವರು ಬರೆಯಲಾರರು, ಬೆಂಗಳೂರಿನಲ್ಲಿ ಕೂತವರೂ ಬರೆಯಲಾರರು.

ಕರ್ನಾಟಕದ ಪಾಲೂ ಇದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡಕ್ಕೆಂದು ಕೊಡುವ ದುಡ್ಡು ಭವನಗಳಿಗೆ, ಉತ್ಸವಗಳಿಗೆ ಹೋಗುವುದನ್ನು ನೋಡಿದ್ದೇವೆ. ಹಾರ ತುರಾಯಿಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಈ ಶಿಕ್ಷಕರ ಬಸ್ ಚಾರ್ಜಿಗೆ, ಊಟಕ್ಕೆ, ಗ್ರಂಥಾಲಯಕ್ಕೆ ಕೊಟ್ಟರೆ ಭಾಷೆ ಹೆಚ್ಚು ದಿನ ಬಾಳುತ್ತದೆ. ಜತ್ತದ ಪೂರ್ವದ ಹಳ್ಳಿಗಳಿಗೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ, ಅಕ್ಕಲಕೋಟೆಗೆ ಕಲಬುರಗಿ ದೂರವಲ್ಲ. ಆ ಎರಡು ಊರಿನ ಡಯಟ್‌ಗಳು ಗಡಿಯಾಚೆಯ ಕನ್ನಡ ಶಿಕ್ಷಕರಿಗೆ ವರ್ಷಕ್ಕೆರಡು ಸಲ ಬಾಗಿಲು ತೆರೆಯಲು ಎರಡು ಸರ್ಕಾರಗಳ ನಡುವೆ ಒಂದು ಪತ್ರ ಸಾಕು. 2017ರಲ್ಲಿ ಕರ್ನಾಟಕ ತಂದ ‘ಗುರುಚೇತನ’ದಲ್ಲಿ ತನಗೆ ಬೇಕಾದ ತರಬೇತಿಯನ್ನು ಶಿಕ್ಷಕರೇ ಆರಿಸಿಕೊಳ್ಳುವ ಅವಕಾಶವಿತ್ತು. ಆ ಮಾಡ್ಯೂಲುಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ.

ಇಷ್ಟು ಕೇಳುವಾಗ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳದಿದ್ದರೆ ಅದು ಅಪ್ರಾಮಾಣಿಕತೆ. ಬೆಳಗಾವಿ, ಖಾನಾಪುರ, ನಿಪ್ಪಾಣಿಯಲ್ಲಿ ಕರ್ನಾಟಕ ಸರ್ಕಾರದ ಮರಾಠಿ ಮಾಧ್ಯಮ ಶಾಲೆಗಳಿವೆ. ಅಲ್ಲಿನ ಶಿಕ್ಷಕಿ ಬೆಂಗಳೂರಿನಿಂದ ಬಂದ ಪಠ್ಯವನ್ನು ಮರಾಠಿಯಲ್ಲಿ ಕಲಿಸುತ್ತಾಳೆ, ಕ್ಲಸ್ಟರಿನ ಸಭೆಯಲ್ಲಿ ಕನ್ನಡದ ಸುತ್ತೋಲೆ ಕೇಳಿಸಿಕೊಳ್ಳುತ್ತಾಳೆ. ಏಕವೀಸ–ವೀಸ ಏಕದ ತೊಡಕು ನಿಜಕ್ಕೂ ಇರುವುದು ಅವಳ ಮಕ್ಕಳಿಗೆ. ಅದರ ಬಗ್ಗೆ ಮಾತಾಡಲು ಅವಳ ಸಭೆಯಲ್ಲೂ ಇಬ್ಬರೋ ಮೂವರೋ. ನಮ್ಮ ಅಕ್ಕನಿಗೆ ಕೇಳಿದ್ದನ್ನು ಆ ಬಾಯಿಗೂ ಕೊಡಬೇಕು. ಹೀಗೆ ಬರೆದದ್ದಕ್ಕೆ ಕೆಲವರು ನನ್ನನ್ನು ಕನ್ನಡದ್ರೋಹಿ ಎನ್ನಬಹುದು. ಪುಣೆಯಲ್ಲಿ ಹನ್ನೆರಡು ವರ್ಷ ಅನ್ನ ತಿಂದವನಿಗೆ ಆ ಮಾತು ಅಷ್ಟಾಗಿ ನಾಟುವುದಿಲ್ಲ. ಎರಡೂ ರಾಜ್ಯಗಳು ಕೊಟ್ಟು ತೆಗೆದುಕೊಂಡರೆ ಈ ಕೆಲಸ ಬೇಗ ಆಗುತ್ತದೆ ಎಂಬ ಲೆಕ್ಕವೂ ನನ್ನದು. ಒಂದು ಕಡೆಯವರು ಮಾತ್ರ ಕೇಳುತ್ತ ಹೋದರೆ ಅದು ಗಡಿ ವಿವಾದದ ಕಡತಕ್ಕೆ ಸೇರಿ ದೂಳು ತಿನ್ನುತ್ತದೆ.

ಬೇಗ ಆಗಬೇಕಾದ ಕಾರಣವಿದೆ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಸುದ್ದಿಯಾಯಿತು. ಕಾಸರಗೋಡಿನ ಕನ್ನಡಿಗರು ಮಲಯಾಳ ಮಾತ್ರ ಬಲ್ಲ ಶಿಕ್ಷಕರ ವಿಷಯದಲ್ಲಿ ಎಷ್ಟು ವರ್ಷದಿಂದ ಹೋರಾಡುತ್ತಿದ್ದಾರೋ ಓದುಗರಿಗೆ ಗೊತ್ತೇ ಇದೆ. ಶಿಕ್ಷಕರು ಒಂಟಿಯಾದರೆ ಪಾಠ ಸೊರಗುತ್ತದೆ, ಪಾಠ ಸೊರಗಿದರೆ ತಂದೆತಾಯಿ ಮಗುವನ್ನು ಇಂಗ್ಲಿಷ್ ಶಾಲೆಯ ಹಳದಿ ವ್ಯಾನಿಗೆ ಹತ್ತಿಸುತ್ತಾರೆ. 2023ರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ‘ಸಮೂಹ ಶಾಲೆ’ ಮಾಡುವ ಮಾತು ಮಹಾರಾಷ್ಟ್ರದಲ್ಲಿ ಎದ್ದಿತ್ತು. ನಮ್ಮ ಪುಣೆ ಜಿಲ್ಲೆಯ ಪಾನಶೇತವನ್ನೇ ಮಾದರಿಯಾಗಿ ತೋರಿಸಿದರು. ಮರಾಠಿ ಶಾಲೆ ಮುಚ್ಚಿದರೆ ಐದು ಕಿಲೋಮೀಟರಿಗೆ ಇನ್ನೊಂದು ಮರಾಠಿ ಶಾಲೆ ಸಿಗುತ್ತದೆ. ಕನ್ನಡ ಶಾಲೆ ಮುಚ್ಚಿದರೆ ಮಗು ಬೇರೆ ಭಾಷೆಗೇ ಹೋಗಬೇಕಾಗುತ್ತದೆ. ಅಕ್ಕನ ಶಾಲೆಯಲ್ಲಿ ಈ ವರ್ಷ ಮಕ್ಕಳು 31. ಅವಳು ಕಲಿಯುವಾಗ ಅದೇ ಶಾಲೆಯಲ್ಲಿ ಒಂದು ತರಗತಿಯಲ್ಲೇ ಅಷ್ಟಿದ್ದರು.

ಪುಣೆಯ ಕನ್ನಡಿಗರು ರಾಜ್ಯೋತ್ಸವ ಚೆನ್ನಾಗಿ ಮಾಡುತ್ತೇವೆ, ಹೊಟ್ಟೆ ತುಂಬ ಹೋಳಿಗೆ ಊಟ ಹಾಕುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ನನ್ನ ಕೋರಿಕೆ ಸಣ್ಣದು. ಕುಮಠೇಕರ್ ರಸ್ತೆಯಲ್ಲಿ ರಾಜ್ಯದ ಶಿಕ್ಷಕರ ತರಬೇತಿ ರೂಪಿಸುವ ಎಸ್‌ಸಿಇಆರ್‌ಟಿ ಇದೆ, ಸೇನಾಪತಿ ಬಾಪಟ್ ರಸ್ತೆಯಲ್ಲಿ ಬಾಲಭಾರತಿ ಇದೆ. ಜತ್ತದ ಶಿಕ್ಷಕಿಗೆ ಈ ಎರಡು ಬಾಗಿಲು ಮುನ್ನೂರು ಕಿಲೋಮೀಟರಿನಷ್ಟು ದೂರ, ನಮಗೆ ಅರ್ಧ ಗಂಟೆ. ಅವರ ಅರ್ಜಿಯನ್ನು ಒಳ್ಳೆಯ ಮರಾಠಿಯಲ್ಲಿ ಬರೆದುಕೊಡಲು, ಅದನ್ನು ಹಿಡಿದು ನಾಲ್ಕು ಸಲ ಓಡಾಡಲು, ಅನುವಾದದಲ್ಲಿ ಶಿಕ್ಷಕರು ಗುರುತಿಸಿದ ತಪ್ಪುಗಳ ಪಟ್ಟಿ ಮುಟ್ಟಿಸಲು ನಮ್ಮಲ್ಲಿ ಜನ ಇದ್ದಾರೆ. ಮೊದಲ ಅರ್ಜಿ ಸಿದ್ಧವಾಗಿದೆ. ಅದರ ಮರಾಠಿಯನ್ನು ತಿದ್ದಿಕೊಟ್ಟವರು ನನ್ನ ಪಕ್ಕದ ಮನೆಯ ನಿವೃತ್ತ ಮರಾಠಿ ಶಿಕ್ಷಕಿ. ಓದಿ ಮುಗಿಸಿ, ನಾವು ನೌಕರಿಯಲ್ಲಿದ್ದಾಗ ನಮಗೂ ಇಂಥದ್ದು ಬೇಕಿತ್ತು ಎಂದರು.

ಮುಂದಿನ ಕೂಟ ದೀಪಾವಳಿ ರಜೆಯಲ್ಲಿ. ವಿಷಯ ಗಡಿಯಾರ: ಸವ್ವಾ ಮೂರು, ಸಾಡೇ ಮೂರು, ಪಾವಣೆ ನಾಲ್ಕು. ಬರುವಾಗ ಹಳೆಯ ಮುಳ್ಳಿನ ಗಡಿಯಾರ ಸಿಕ್ಕಷ್ಟು ತಗೊಂಡು ಬಾ, ಕೆಟ್ಟಿದ್ದರೂ ನಡೆಯುತ್ತದೆ, ಹುಡುಗರು ಮುಳ್ಳು ತಿರುಗಿಸಲಿ ಎಂದು ಅಕ್ಕ ಹೇಳಿದ್ದಾಳೆ. ಇಲ್ಲಿಯವರೆಗೆ ಆರು ಸಿಕ್ಕಿವೆ.